ಉಳಿದ ನಿದ್ದೆಯ ಪೆಟ್ಟಿಗೆ

ನಮ್ಮಕ್ಕ ನೀಲಾಂಬಿಕೆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಎಬ್ಬಿಸುವ ಕೆಲಸದಲ್ಲಿ ಇದ್ದಳು. ಇದ್ದಳು ಎಂದು ಬರೆಯುವಾಗ ಆಗುವ ಸಮಾಧಾನ ಎಷ್ಟೆಂದು ಹೇಳಲಾರೆ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ: ಇದ್ದಳು. ಈಗ ಆ ಕೆಲಸದಲ್ಲಿ ಇಲ್ಲ.

ಅದೇನು ಮಹಾ ಕೆಲಸ ಎಂದು ಊರವರು ಹೇಳುತ್ತಿದ್ದರು. ನಮ್ಮೂರ ಮಕ್ಕಳು ಹೆಚ್ಚಾಗಿ ರಾತ್ರಿಯೇ ಹುಟ್ಟುವುದರಿಂದ ಇರುವ ಮೂವರು ಹೆರಿಗೆ ನರ್ಸುಗಳೂ ರಾತ್ರಿ ಪಾಳಿ ಮಾಡಿ, ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಹಗಲಲ್ಲಿ ನೋವು ಕಾಣಿಸಿಕೊಂಡವರು ಬಂದರೆ ಅವರಲ್ಲೊಬ್ಬರು ಏಳಬೇಕು. ಅಕ್ಕ ಒಳಗೆ ಹೋಗಿ ಪಾದ ಮುಟ್ಟಿ ಎಬ್ಬಿಸುವಳು, ಎಂಟು ಹೆಜ್ಜೆ ನಡೆದು ಪಕ್ಕದ ಕೋಣೆಯ ಮಂಚ ಸೇರುವಳು. ಎದ್ದವರಿಗೆ ಐದು ತಾಸಿನ ನಿದ್ದೆ ಬಾಕಿ ಇದ್ದರೆ ಆ ಐದು ತಾಸು ಅಕ್ಕ ಮಲಗಬೇಕು. ಹಗಲು ನರ್ಸುಗಳ ನಿದ್ದೆ, ರಾತ್ರಿ ಡಾಕ್ಟರ ನಿದ್ದೆ. ದಿನಕ್ಕೆ ಮೂರು ತಾಸು ಎದ್ದಿದ್ದರೆ ಅದೇ ದೊಡ್ಡದು. ಅಕ್ಕ ಮಲಗಿದ್ದಾಗಲೇ ಎರಡನೆಯ ಬಸುರಿ ಬಂದರೆ ಅವಳ ಗಂಡನೇ ಹೋಗಿ ನರ್ಸನ್ನು ಎಬ್ಬಿಸಬೇಕು. ಹಾಗಾಗಿ ಬೆಳಿಗ್ಗೆ ಹುಟ್ಟಿದ ಮಗುವಿನ ಮುಖವನ್ನು ಸಂಜೆ ನೋಡಿದ ಅಪ್ಪಂದಿರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಊರಿನ ರೀತಿಯೇ ಹಾಗೆ, ಎದ್ದವರ ಉಳಿದ ನಿದ್ದೆ ಎಬ್ಬಿಸಿದವರ ಪಾಲಿಗೆ. ಬಸ್ಸಿನಲ್ಲಿ ನಿದ್ದೆ ಹೋದವರನ್ನು ಕಂಡಕ್ಟರ್ ಮುಟ್ಟುವುದಿಲ್ಲ. ಅವರ ಸ್ಟಾಪ್ ದಾಟಿ, ಕೊನೆಯ ಸ್ಟಾಪ್ ಮುಟ್ಟಿ, ತಿರುಗಿ ಬರುವಾಗಲಾದರೂ ಎದ್ದಾರು ಎಂದು ಕಾಯುತ್ತಾನೆ. ಶಾಲೆಯ ಗಂಟೆ ಹತ್ತಕ್ಕೆ ಹೊಡೆದರೂ ಪಾಠ ಶುರುವಾಗುವುದು ಮಕ್ಕಳು ತಾವಾಗಿ ಎದ್ದು ಬಂದ ಮೇಲೆ. ಅಲಾರಂ ಗಡಿಯಾರ ಎಲ್ಲರ ಮನೆಯಲ್ಲೂ ಎರಡೆರಡು ಇರುತ್ತವೆ, ಏಕೆಂದರೆ ಒಮ್ಮೆ ಬಡಿದು ಎಬ್ಬಿಸಿದ ಗಡಿಯಾರ ಆ ಉಳಿದ ನಿದ್ದೆ ಮುಗಿಯುವವರೆಗೆ ನಿಂತೇ ಇರುತ್ತದೆ. ನಮ್ಮ ಹಿತ್ತಲಿನ ಹುಂಜ ಬೆಳಿಗ್ಗೆ ಒಂದೇ ಸಲ ಕೂಗಿ ಗೋಡೆಯ ಮೇಲೇ ಕುಸಿದು ಮಲಗುತ್ತದೆ. ಮಧ್ಯಾಹ್ನದವರೆಗೆ ಬೆಕ್ಕು ಅದರ ಸುತ್ತ ಸುಳಿಯುತ್ತದೆ, ನಾನು ಬೆಕ್ಕನ್ನು ಓಡಿಸುತ್ತಿರಬೇಕು.

ಅಕ್ಕನ ಮಗಳು ಸುಮೇಧಾ ಎರಡು ವರ್ಷದವಳಿದ್ದಾಗಿನಿಂದ ನನ್ನ ಹತ್ತಿರವೇ ಬೆಳೆದಳು. ಶಾಲೆ ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗಿ ಅವ್ವನ ಮಂಚದ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದಳು. ಮಗಳು ಬೆಳೆದದ್ದನ್ನು ಅಕ್ಕ ಕಂತುಗಳಲ್ಲಿ ನೋಡಿದಳು. ಒಮ್ಮೆ ಎದ್ದಾಗ ಹಲ್ಲು ಬಿದ್ದಿತ್ತು, ಇನ್ನೊಮ್ಮೆ ಎದ್ದಾಗ ಬಂದಿತ್ತು. ಕನಸೂ ಅಕ್ಕನವಲ್ಲ, ಎದ್ದವರವು. ಹಿರಿಯ ನರ್ಸ್ ಫಿಲೋಮಿನಮ್ಮನ ಕನಸುಗಳಲ್ಲಿ ಊಟ ಮಾಡಿ ಮಾಡಿ, ಲಿಂಗ ಕಟ್ಟಿದ ನಮ್ಮಕ್ಕನಿಗೆ ಮೀನು ಸಾರಿಗೆ ಹುಣಿಸೆ ಎಷ್ಟು ಬೀಳಬೇಕೆಂದು ಕೂಡ ಗೊತ್ತಾಗಿತ್ತು. ನಾನು ಸಿಡಿಮಿಡಿಗೊಂಡರೆ, "ಬಿಡೇ ಗಂಗೂ, ಯಾರಾದ್ರೂ ಮಾಡ್ಬೇಕಲ್ಲ" ಎನ್ನುತ್ತಿದ್ದಳು. ಯಾರಾದರೂ ಎಂದರೆ ಯಾಕೆ ಯಾವಾಗಲೂ ಇವಳೇ ಎಂದು ಕೇಳುವಷ್ಟರಲ್ಲಿ ಯಾರೋ ಬಂದು ಕರೆಯುತ್ತಿದ್ದರು.

ನಾನು ನಗರಸಭೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಹೋದ ವರ್ಷವೇ ಒಂದು ಪ್ರಯತ್ನ ಮಾಡಿ ಮಣ್ಣು ಮುಕ್ಕಿದ್ದೆ. ಅಲಾರಂ ಗಡಿಯಾರಕ್ಕೆ ಹೆರಿಗೆ ನೋವು ಯಾವಾಗ ಬರುತ್ತದೆಂದು ಗೊತ್ತಿರುವುದಿಲ್ಲ, ಆದರೆ ಕಂಪ್ಯೂಟರಿಗೆ ಹೇಳಬಹುದಲ್ಲ? ಆಸ್ಪತ್ರೆಯ ಕೌಂಟರಿನಲ್ಲಿ ಮಂಚದ ನಂಬರ್ ಒತ್ತಿದರೆ ನಮ್ಮ ಕಚೇರಿಯ ಸರ್ವರ್ ಆ ಮಂಚದ ಪಕ್ಕದ ಫೋನನ್ನು ಬಾರಿಸುವಂತೆ ಮಾಡಿದೆ. ನಿದ್ದೆ ಎಬ್ಬಿಸು ಎಂದು ಹೇಳಿದವರ ಮೇಲೆ ಬೀಳುವುದಿಲ್ಲ, ಎಬ್ಬಿಸಿದವರ ಮೇಲೆ ಬೀಳುತ್ತದೆ. ಹಾಗೆಯೇ ಆಯಿತು. ಬೆಳಿಗ್ಗೆ ಹತ್ತಕ್ಕೆ ಫಿಲೋಮಿನಮ್ಮ ಎದ್ದರು, ಸರ್ವರ್ ಮಲಗಿತು. ಸಂಜೆ ನಾಲ್ಕರವರೆಗೆ ಜನನ ಪತ್ರ ಇಲ್ಲ, ನೀರಿನ ದೂರು ಇಲ್ಲ, ಇಡೀ ನಗರಸಭೆ ಕೈಕಟ್ಟಿ ಕೂತಿತು. ಮಧ್ಯಾಹ್ನ ಇನ್ನೊಬ್ಬ ಬಸುರಿ ಒಂಟಿಯಾಗಿ ಆಟೊದಲ್ಲಿ ಬಂದಳು. ನಂಬರ್ ಒತ್ತಿದರೆ ಉತ್ತರವಿಲ್ಲ. ಅಕ್ಕನಿಗೆ ಅಂದು ರಜೆ ಕೊಡಿಸಿ ಮನೆಗೆ ಕಳಿಸಿದ್ದೆ. ಕೊನೆಗೆ ಆಟೊದವನೇ ಹೋಗಿ ನರ್ಸನ್ನು ಎಬ್ಬಿಸಿ ವರಾಂಡದಲ್ಲಿ ಮಲಗಿಬಿಟ್ಟ, ಅವನ ಆಟೊ ಗೇಟಿಗೆ ಅಡ್ಡ ನಿಂತೇ ಇತ್ತು. ಮರುದಿನ ಎಲ್ಲರೂ ನನಗೆ ಬಾಯಿಗೆ ಬಂದಂತೆ ಬೈದರು. ಅಕ್ಕ ತನ್ನ ಮಂಚಕ್ಕೆ ವಾಪಸಾದಳು.

ಈ ವರ್ಷ ಡಾಕ್ಟರ್ ವೃಷಭೇಂದ್ರಯ್ಯನವರು ನನ್ನನ್ನು ಕರೆಸಿ, ಮುಂದಿನ ತಿಂಗಳ ಒಂದನೇ ತಾರೀಕಿಗೆ ಹೊಸ ಸರ್ಜನ್ ಬರುತ್ತಾರೆ ಎಂದರು. ಒಳ್ಳೆಯದಾಯಿತಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.

"ಅವ್ರನ್ನೂ ಎಬ್ಬಿಸ್ಬೇಕಾಗುತ್ತಲ್ಲಮ್ಮ. ನೀಲಮ್ಮನಿಗೆ ಉಳಿದಿರೋ ಮೂರು ಗಂಟೆನೂ ಹೋಗುತ್ತೆ. ಬೇರೆ ಯಾರೂ ಬರೋಕೆ ಒಪ್ತಿಲ್ಲ, ಎಲ್ಲರನ್ನೂ ಕೇಳಿ ನೋಡ್ದೆ. ಮುಂಚೆನೇ ಹೇಳ್ಬಿಡೋಣ ಅಂತ ಕರೆಸ್ದೆ."

ಅಂದರೆ ಅಕ್ಕ ಇನ್ನು ಮೇಲೆ ಏಳುವುದೇ ಇಲ್ಲ. ಎಬ್ಬಿಸುವುದಕ್ಕೆ ಏಳುವಳು, ಎಬ್ಬಿಸಿ ಮಲಗುವಳು, ಅಷ್ಟೇ.  ಮನೆಗೆ ಬಂದು ಸುಮೇಧಾಳಿಗೆ ಊಟ ಬಡಿಸುವಾಗ ಗಮನವಿಲ್ಲದೆ ಸಾರು ಚೆಲ್ಲಿದೆ. ಹುಡುಗಿ ಎದ್ದು ಬಟ್ಟೆ ತಂದು ಒರೆಸಿದಳು. 

ಒಂದನೇ ತಾರೀಕಿಗೆ ಇಪ್ಪತ್ತೆರಡು ದಿನ ಇತ್ತು. ನಮ್ಮ ವಿಭಾಗದ ಮುಖ್ಯಸ್ಥರು ನಜೀರ್ ಸಾಹೇಬರು. ಅವರ ಮೇಜಿನ ಮೇಲಿದ್ದ ಒಂದು ಕೈಪಿಡಿಯನ್ನು ಎತ್ತಿಕೊಂಡು ಓದುತ್ತಿದ್ದಾಗ ಒಂದು ಕಡೆ ಕಣ್ಣು ನಿಂತಿತು. ಅದರಲ್ಲಿ ಹೇಳಿದ್ದು ಇಷ್ಟೇ. ಸದಾ ಕಾಯುತ್ತಾ ನಿಲ್ಲುವ ಒಂದು ದೊಡ್ಡ ಸರ್ವರ್ ಬೇಡ. ಒಂದೊಂದು ಸಣ್ಣ ಕೆಲಸವನ್ನು ಒಂದೊಂದು ಫಂಕ್ಷನ್ ಎಂದು ಬರೆದು ಪೆಟ್ಟಿಗೆಯೊಳಗೆ ಮಡಚಿಡಿ. ಆ ಪೆಟ್ಟಿಗೆಗೆ ಕಂಟೈನರ್ ಎನ್ನುತ್ತಾರೆ. ಯಾರಾದರೂ ಕರೆದಾಗ ಒಂದು ಪೆಟ್ಟಿಗೆ ತೆರೆಯುತ್ತದೆ, ಆ ಕೆಲಸ ಮಾಡುತ್ತದೆ, ಇಲ್ಲವಾಗುತ್ತದೆ. ಮತ್ತೆ ಕರೆದರೆ ಹೊಸ ಪೆಟ್ಟಿಗೆ. ನೂರು ಸಲ ಕರೆದರೆ ನೂರು. ಇವೆಲ್ಲ ಇರುವುದು ದೂರದ ಯಾವುದೋ ಊರಿನಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳ ಗುಂಪಿನಲ್ಲಿ, ಅದಕ್ಕೆ ಕ್ಲಸ್ಟರ್ ಎಂದು ಹೆಸರು.

"ಸಾಹೇಬ್ರೇ, ನಿದ್ದೆ ಪೆಟ್ಟಿಗೆ ಮೇಲೆ ಬೀಳುತ್ತೆ" ಎಂದೆ.

"ಏನಮ್ಮಾ?"

"ಎಬ್ಬಿಸಿದ ಪೆಟ್ಟಿಗೆ ಮಲಗ್ಲಿ. ಎಷ್ಟು ಹೊತ್ತು ಬೇಕಾದ್ರೂ ಮಲಗ್ಲಿ. ಇನ್ನೊಂದು ಕರೆ ಬಂದ್ರೆ ಇನ್ನೊಂದು ಪೆಟ್ಟಿಗೆ ತೆರೆಯುತ್ತೆ. ಸರ್ವರ್ ಒಂದೇ ಇತ್ತು, ಅದಕ್ಕೇ ಹೋದ ಸಲ ಕೆಟ್ಟಿದ್ದು."

ನಜೀರ್ ಸಾಹೇಬರು ಚಹಾ ಲೋಟವನ್ನು ಬಾಯ ತನಕ ಒಯ್ದವರು ಹಾಗೇ ಇಳಿಸಿದರು. "ಹೋದ ಸಲ ಅಧ್ಯಕ್ಷರ ಕೈಲಿ ಬೈಸ್ಕೊಂಡಿದ್ದು ನಾನು, ಗಂಗಾಂಬಿಕೆ, ನೀವಲ್ಲ."

"ಇಬ್ರೂ ಬೈಸ್ಕೊಂಡ್ವಿ."

"ನನಗೆ ಜಾಸ್ತಿ ಬೈದ್ರು" ಎಂದು ನಕ್ಕು, ಬಾಡಿಗೆ ಯಂತ್ರಗಳ ಅರ್ಜಿಗೆ ಸಹಿ ಹಾಕಿದರು. ಅವರ ಇಬ್ಬರು ಮಕ್ಕಳು ಹುಟ್ಟಿದಾಗಲೂ ಎಬ್ಬಿಸಿ ಮಲಗಿದವಳು ಅಕ್ಕನೇ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಮೂರು ಯಂತ್ರಗಳ ಕ್ಲಸ್ಟರ್ ಬಾಡಿಗೆಗೆ ಬಂತು. ಅದರ ಮೇಲೆ ಫಂಕ್ಷನ್‌ಗಳನ್ನು ನಡೆಸುವ ವ್ಯವಸ್ಥೆಯನ್ನು ಕೂರಿಸಬೇಕು. ಕೈಪಿಡಿಯಲ್ಲಿ ಅದು ಆರು ಸಾಲು, ನನಗೆ ಆರು ದಿನ. ಮೊದಲೆರಡು ದಿನ ಏನು ಮಾಡಿದರೂ "ಕಾಯುತ್ತಿದೆ" ಎಂದೇ ತೋರಿಸುತ್ತಿತ್ತು. ಏನಕ್ಕೆ ಕಾಯುತ್ತಿದೆ ಎಂದು ಹುಡುಕಿದರೆ, ಯಂತ್ರದಲ್ಲಿ ಇರುವುದಕ್ಕಿಂತ ಹೆಚ್ಚು ಜಾಗ ಬೇಕು ಎಂದು ನಾನೇ ಬರೆದಿದ್ದೆ. ಅದನ್ನು ಸರಿ ಮಾಡಿದರೆ ಹೊರಗಿನಿಂದ ಬರುವ ಕರೆಗಳಿಗೆ ಬಾಗಿಲು ತೆರೆಯಲಿಲ್ಲ. ಬಾಗಿಲು ತೆರೆದರೆ ಪಾಸ್‌ವರ್ಡ್ ತಪ್ಪು ಎಂದಿತು. ಬರೆದಿಟ್ಟ ಪಾಸ್‌ವರ್ಡ್ ಚೀಟಿ ಸುಮೇಧಾಳ ಗಣಿತದ ಪುಸ್ತಕದಲ್ಲಿ ಸಿಕ್ಕಿತು. ಫಂಕ್ಷನ್ ಬರೆದದ್ದು ಮಾತ್ರ ಒಂದೇ ಮಧ್ಯಾಹ್ನದಲ್ಲಿ. ಮೂವತ್ತು ಸಾಲು: ಮಂಚದ ನಂಬರ್ ತಗೋ, ಫೋನ್ ಬಾರಿಸು, ಎತ್ತಿದರೆ ನಿಲ್ಲಿಸು.

ಬುಧವಾರ ಪರೀಕ್ಷೆ ಮಾಡಿದೆವು. ಫಿಲೋಮಿನಮ್ಮ ತಾವಾಗಿ ಒಪ್ಪಿಕೊಂಡು ಬಂದು, ರಾತ್ರಿ ಪಾಳಿ ಮುಗಿಸಿದ ಸುಸ್ತಿನಲ್ಲಿ ತಲೆದಿಂಬಿಗೆ ತಲೆ ಕೊಟ್ಟಕೂಡಲೇ ನಿದ್ದೆ ಹೋದರು. ಒಂಬತ್ತು ಗಂಟೆಗೆ ಡಾಕ್ಟರು ಕೌಂಟರಿನಲ್ಲಿ ನಂಬರ್ ಒತ್ತಿದರು. ಆಸ್ಪತ್ರೆಗೆ ತಂದಿಟ್ಟುಕೊಂಡಿದ್ದ ನನ್ನ ಲ್ಯಾಪ್‌ಟಾಪ್ ಪರದೆಯಲ್ಲಿ ಒಂದು ಪೆಟ್ಟಿಗೆ ತೆರೆದುಕೊಂಡಿತು. ಏಳು ಸೆಕೆಂಡಿಗೆ ಫೋನ್ ಬಾರಿಸಿತು. ಫಿಲೋಮಿನಮ್ಮ ಕಣ್ಣು ಬಿಟ್ಟು ಎದ್ದು ಕೂತು, ಸುತ್ತ ನಿಂತ ನಮ್ಮನ್ನೆಲ್ಲ ನೋಡಿ, "ಯಾರೂ ಬಿದ್ದಿಲ್ವಲ್ಲ?" ಎಂದು ಕೇಳಿದರು. ಯಾರೂ ಬಿದ್ದಿರಲಿಲ್ಲ. ಪರದೆಯ ಮೇಲೆ ಆ ಒಂದು ಪೆಟ್ಟಿಗೆ ಮಾತಾಡುವುದನ್ನು ನಿಲ್ಲಿಸಿತ್ತು, ಅಷ್ಟೇ. ಹಾಲು ಕುಡಿದಷ್ಟು ಖುಷಿಯಾಯಿತು ನನಗೆ. ನಜೀರ್ ಸಾಹೇಬರ ಕೈ ಕುಲುಕಿದೆ.

ಅರ್ಧ ನಿಮಿಷ ಕಳೆದಿರಬೇಕು. ಎರಡನೆಯ ನಂಬರ್ ಒತ್ತಿ ನೋಡೋಣ ಎಂದು ಡಾಕ್ಟರು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಪರದೆಯಲ್ಲಿ ಇಡೀ ಕ್ಲಸ್ಟರ್, ಮೂರು ಯಂತ್ರವೂ, ಬಾಗಿಲೂ, ಎಲ್ಲವೂ ನಿಶ್ಶಬ್ದ. ಸಂಜೆ ಮೂರಕ್ಕೆ ಅದು ತಾನಾಗಿ ಎದ್ದಿತು. ಬಾಕಿ ಇದ್ದದ್ದು ಫಿಲೋಮಿನಮ್ಮನ ಆರು ತಾಸಿನ ನಿದ್ದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಸಲ ನೋಡೋಣಮ್ಮ. ಆದ್ರೆ ಒಂದೇ ಸಲ. ಒಂದನೇ ತಾರೀಕು ನನ್ ಕೈಲಿಲ್ಲ" ಎಂದು ವಾರ್ಡಿನ ಕಡೆ ಹೋದರು. ಅಕ್ಕ ಆಗಷ್ಟೇ ಎದ್ದು ಮಂಚದ ಮೇಲೆ ಕೂದಲು ಬಾಚುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ, "ನಿನ್ ಕೈಲಾದಷ್ಟು ಮಾಡಿದ್ಯಲ್ಲ, ಬಿಡು" ಎಂದಳು. ಬಾಚಣಿಗೆ ಕೂದಲಲ್ಲೇ ನಿಂತಿತ್ತು. "ಸುಮಿಗೆ ಮುಟ್ಟಾದಾಗ ನೀನೇ ಹೇಳ್ಕೊಡ್ಬೇಕಾಗುತ್ತೆ ಗಂಗೂ. ನಾನು ಎದ್ದಿರ್ತೀನೋ ಇಲ್ವೋ." ಒಂಬತ್ತು ವರ್ಷದಲ್ಲಿ ಅವಳು ಆಡಿದ ದೂರು ಅದೊಂದೇ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ವರಾಂಡಕ್ಕೆ ಬಂದು ಅತ್ತೆ.

ಅತ್ತು ಮುಗಿದ ಮೇಲೆ ಕಚೇರಿಗೆ ಹೋಗಿ ಆ ಅರ್ಧ ನಿಮಿಷದಲ್ಲಿ ಏನಾಯಿತೆಂದು ಸಾಲು ಸಾಲಾಗಿ ಓದಿದೆ. ಪೆಟ್ಟಿಗೆ ಮಲಗಿದೆ, ಸರಿ. ಹತ್ತು ಸೆಕೆಂಡಿಗೆ ಯಾರೋ ಅದನ್ನು "ಚೆನ್ನಾಗಿದ್ದೀಯಾ?" ಎಂದು ಕೇಳಿದ್ದಾರೆ. ಉತ್ತರವಿಲ್ಲ. ಇಪ್ಪತ್ತು ಸೆಕೆಂಡಿಗೆ ಮತ್ತೆ. ಉತ್ತರವಿಲ್ಲ. ಮೂವತ್ತಕ್ಕೆ ಮತ್ತೆ ಕೇಳಿ, ಅಲುಗಾಡಿಸಿ ಎಬ್ಬಿಸಿದ್ದಾರೆ. ಕೇಳಿದ್ದು ಕ್ಲಸ್ಟರಿನ ಮೇಲ್ವಿಚಾರಕ ಪ್ರೋಗ್ರಾಂ. ಪೆಟ್ಟಿಗೆಗಳ ಆರೋಗ್ಯ ವಿಚಾರಿಸುವುದು, ಉತ್ತರ ಕೊಡದಿದ್ದರೆ ಮತ್ತೆ ಚಾಲೂ ಮಾಡುವುದು ಅದರ ಕೆಲಸ. ಎಬ್ಬಿಸಿದ ಮೇಲ್ವಿಚಾರಕನ ಮೇಲೆ ನಿದ್ದೆ ಬಿದ್ದಿದೆ, ಅದು ಮಲಗಿದ ಮೇಲೆ ಅದರ ಕೆಳಗಿನವೆಲ್ಲ ಕೆಲಸ ನಿಲ್ಲಿಸಿವೆ. ವಿಚಾರಿಸು, ಎಬ್ಬಿಸು ಎಂದು ಹೇಳಿದವರು ಯಾರು? ನಾನೇ. ಕೈಪಿಡಿಯಲ್ಲಿದ್ದ ಐದು ಸಾಲನ್ನು ಕಣ್ಣು ಮುಚ್ಚಿಕೊಂಡು ನಕಲು ಹೊಡೆದಿದ್ದೆ. ಮಲಗಿದ ಬೆಕ್ಕನ್ನು ಕೂಡ ಎಬ್ಬಿಸದ ಊರಿನಲ್ಲಿ ಹುಟ್ಟಿ ಬೆಳೆದ ನಾನು, ಹತ್ತು ಸೆಕೆಂಡಿಗೊಮ್ಮೆ ಎಬ್ಬಿಸುವವನನ್ನು ಒಳಗೆ ಕೂರಿಸಿದ್ದೆ. ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಬಾಡಿಗೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಪ್ರಫುಲ್ಲ ಎಂಬಾತ ಸಿಕ್ಕಿದ. ಪಾಪ, ಬೇರೆ ಊರಿನವನು. ಆರೋಗ್ಯ ವಿಚಾರಿಸುವುದನ್ನು ಪೂರ್ತಿ ತೆಗೆಯುವುದು ಹೇಗೆ ಎಂದು ಕೇಳಿದೆ.

"ಮೇಡಂ, ಅದನ್ನ ತೆಗೀಬಾರ್ದು. ತೆಗೆದ್ರೆ ಪೆಟ್ಟಿಗೆ ಕೆಟ್ಟಿದ್ಯೋ ಸರಿಯಾಗಿದ್ಯೋ ಹೇಗೆ ಗೊತ್ತಾಗುತ್ತೆ?"

"ಕೆಟ್ಟಿಲ್ಲ. ಮಲಗಿರುತ್ತೆ."

"ಅದೇ ಮೇಡಂ, ಉತ್ತರ ಕೊಡ್ತಿಲ್ಲ ಅಂದ್ರೆ ರೀಸ್ಟಾರ್ಟ್ ಮಾಡ್ಬೇಕು."

"ಯಾಕೆ ಮಾಡ್ಬೇಕು? ಅದು ತನ್ನ ಕೆಲಸ ಮಾಡಿ ಮಲಗಿದೆ. ನಿಮ್ಮನೇಲಿ ಕೆಲಸ ಮುಗಿಸಿ ಮಲಗಿದೋರನ್ನ ಹತ್ತು ಸೆಕೆಂಡಿಗೊಂದ್ಸಲ ಚೆನ್ನಾಗಿದ್ದೀರಾ ಅಂತ ಕೇಳ್ತೀರಾ?"

 "ನಮ್ಮನೇಲಿ ಕೇಳ್ತಾರೆ ಮೇಡಂ" ಎಂದ ಆತ, ದನಿಯಲ್ಲಿ ನಿಜವಾದ ದಣಿವಿತ್ತು. ಯಾವ ಸಾಲು ಅಳಿಸಬೇಕು, ಕೆಲಸವಿಲ್ಲದ ಪೆಟ್ಟಿಗೆಯನ್ನು ಐದು ನಿಮಿಷಕ್ಕೆ ಕಿತ್ತುಹಾಕುವ ಇನ್ನೊಂದು ನಿಯಮವನ್ನು ಹನ್ನೆರಡು ತಾಸಿಗೆ ಹೇಗೆ ಹೆಚ್ಚಿಸಬೇಕು, ಎಲ್ಲವನ್ನೂ ಹೇಳಿಕೊಟ್ಟ. ನಾನು ನಿಧಾನವಾಗಿ, ಒಂದೊಂದನ್ನೂ ಓದಿ ಓದಿ ಬದಲಿಸಿದೆ.

ಶುಕ್ರವಾರ, ತಿಂಗಳ ಇಪ್ಪತ್ತೊಂಬತ್ತು. ಪರೀಕ್ಷೆ ಹನ್ನೆರಡಕ್ಕೆ ಎಂದುಕೊಂಡಿದ್ದೆವು, ಹನ್ನೊಂದೂ ಇಪ್ಪತ್ತಕ್ಕೆ ನಿಜವಾದ ಬಸುರಿಯೇ ಬಂದಳು. ಅಕ್ಕ ಅಭ್ಯಾಸದಂತೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ನೀನು ಕೂತ್ಕೋ" ಎಂದು ಗದರಿಸಿದೆ. ಡಾಕ್ಟರು ನಂಬರ್ ಒತ್ತಿದರು. ಫೋನ್ ಸದ್ದಾಯಿತು, ಫಿಲೋಮಿನಮ್ಮ ಎದ್ದು ಓಡಿದರು, ಪೆಟ್ಟಿಗೆ ಮಲಗಿತು. ನಾನು ಪರದೆಯ ಮುಂದೆ ಸೆಕೆಂಡು ಎಣಿಸುತ್ತಾ ಕೂತೆ. ಹತ್ತು. ಇಪ್ಪತ್ತು. ಮೂವತ್ತು ದಾಟುವಾಗ ನಜೀರ್ ಸಾಹೇಬರು ನನ್ನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದರು. ನಲವತ್ತು. ಒಂದು ನಿಮಿಷ. ಯಾರೂ ಯಾರನ್ನೂ ವಿಚಾರಿಸಲಿಲ್ಲ.

ಹನ್ನೆರಡೂಕಾಲಿಗೆ ಎರಡನೆಯವಳು ಬಂದಳು. ನಂಬರ್ ಒತ್ತಿದರು. ಮೊದಲಿನ ಪೆಟ್ಟಿಗೆ ಮಲಗಿಯೇ ಇತ್ತು, ಅದರ ಪಕ್ಕ ಹೊಸದೊಂದು ತೆರೆಯಿತು. ಎರಡನೆಯ ನರ್ಸ್ ಎದ್ದರು. ಒಂದು ಗಂಟೆಗೆ ಮೂರನೆಯವಳು. ಅವಳ ಗಂಡ ಬಾಗಿಲಲ್ಲಿ ನಿಂತು, "ನಾನೇ ಹೋಗಿ ಎಬ್ಬಿಸ್ಲಾ?" ಎಂದು ಚಪ್ಪಲಿ ಬಿಡುತ್ತಿದ್ದ. "ಬೇಡಪ್ಪಾ, ನೀನು ಹೆಂಡ್ತಿ ಹತ್ರ ಹೋಗು" ಎಂದರು ಡಾಕ್ಟರು. ಅವನು ನಂಬದೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಹೋದ. ಮಗು ಅತ್ತಾಗ ಅವನು ಎದ್ದೇ ಇದ್ದ, ನಮಗೆ ಹೊರಗೆ ಕೇಳುವಷ್ಟು ಜೋರಾಗಿ ಅವನೂ ಅತ್ತ.

ಎರಡು ಗಂಟೆಗೆ ಪರದೆಯಲ್ಲಿ ಮೂರು ಪೆಟ್ಟಿಗೆ ಮಲಗಿದ್ದವು. ಬಾಗಿಲು ಎದ್ದಿತ್ತು, ಮೇಲ್ವಿಚಾರಕ ಎದ್ದಿತ್ತು. ಅಕ್ಕನೂ ಎದ್ದಿದ್ದಳು. ಡಾಕ್ಟರು ಬಂದು ಅವಳಿಗೆ, "ನೀಲಮ್ಮ, ಇನ್ನು ನೀವು ಮನೆಗೆ ಹೋಗ್ಬಹುದು. ರಾತ್ರಿಗೂ ಬರೋದ್ಬೇಡ. ಸರ್ಜನ್ ವಿಷಯ ನಾನು ನೋಡ್ಕೋತೀನಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಮಾತ್ರ ಮಂಚದ ಮೇಲಿನ ಹೊದಿಕೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅದನ್ನು ಯಾರಿಗೆ ಕೊಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಇಬ್ಬರೂ ನಡೆದೇ ಹೊರಟೆವು. ಅಕ್ಕನಿಗೆ ಮಧ್ಯಾಹ್ನದ ಊರು ಗೊತ್ತಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, "ಇಷ್ಟು ಬಿಸಿಲಿರುತ್ತಾ?" ಎಂದಳು. ತರಕಾರಿಯವಳ ಹತ್ತಿರ ನಿಂತು ಬೀನ್ಸನ್ನು ಒಂದೊಂದಾಗಿ ಮುರಿದು ನೋಡಿ ಬೈಸಿಕೊಂಡಳು. ಬೈಸಿಕೊಂಡು ಖುಷಿಪಟ್ಟಳು. ದಾರಿಯುದ್ದಕ್ಕೂ ಮಾತು: ನಾನು ದಪ್ಪಗಾಗಿದ್ದೇನಂತೆ, ಗೋಡೆಗೆ ಸುಣ್ಣ ಹೊಡೆಸಿಲ್ಲವಂತೆ, ಸುಮೇಧಾಳ ಕೂದಲಿಗೆ ಎಣ್ಣೆ ಕಡಿಮೆಯಂತೆ. ಒಂಬತ್ತು ವರ್ಷದ ಅಕ್ಕತನವನ್ನು ಒಂದೇ ಮಧ್ಯಾಹ್ನದಲ್ಲಿ ತೀರಿಸಿಕೊಳ್ಳುತ್ತಿದ್ದಳು. ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಎಲ್ಲಕ್ಕೂ ಹೂಂ ಎಂದೆ.

ಮನೆಗೆ ಬಂದು ಅನ್ನ, ಬೀನ್ಸ್ ಪಲ್ಯ ಉಂಡೆವು. ನಾಲ್ಕು ಗಂಟೆಯ ಹೊತ್ತಿಗೆ ಜಗುಲಿಯ ಚಾಪೆಯ ಮೇಲೆ ಕೂತು ಸುಮೇಧಾಳ ಲಂಗದ ಅಂಚು ಹೊಲಿಯುತ್ತಿದ್ದ ಅಕ್ಕ ಆಕಳಿಸಿದಳು. ನಾನು ಕೈಲಿದ್ದ ಕೆಲಸ ಬಿಟ್ಟು ಅವಳ ಹತ್ತಿರ ಬಂದೆ.

"ಯಾರನ್ನ ಎಬ್ಬಿಸ್ದೆ?"

"ಯಾರನ್ನೂ ಇಲ್ಲ."

"ನಿಜ ಹೇಳು. ಹುಂಜನ್ನ ಏನಾದ್ರೂ ಮುಟ್ಟಿದ್ಯಾ?"

"ಇಲ್ಲ ಕಣೇ, ಇಲ್ಲೇ ಕೂತಿದೀನಲ್ಲ" ಎನ್ನುವಾಗಲೇ ಇನ್ನೊಂದು ಆಕಳಿಕೆ ಬಂತು. ಕೈಯ ಸೂಜಿ ಜಾರಿತು. ನಾನು ಓಡಿ ಹೋಗಿ ಫೋನಿನಲ್ಲಿ ನಜೀರ್ ಸಾಹೇಬರನ್ನು ಕೇಳಿದೆ. ಎಲ್ಲ ಸರಿಯಾಗಿದೆ, ಮೂರೂ ಪೆಟ್ಟಿಗೆ ತಮ್ಮ ಪಾಲಿನ ನಿದ್ದೆಯನ್ನು ತಾವೇ ಮಲಗಿ ಮುಗಿಸಿವೆ, ಯಾವ ನಿದ್ದೆಯೂ ಆಚೆ ಈಚೆ ಹೋಗಿಲ್ಲ ಎಂದರು. ತಿರುಗಿ ಬಂದಾಗ ಅಕ್ಕ ಚಾಪೆಯ ಮೇಲೆ ಅಡ್ಡಾಗಿದ್ದಳು. ಕಣ್ಣು ಅರ್ಧ ಮುಚ್ಚಿತ್ತು, ಮುಖದಲ್ಲಿ ಏನೋ ಆಶ್ಚರ್ಯ.

"ಗಂಗೂ, ಹಾಗಾದ್ರೆ ಇದು ನಂದೇ ಇರ್ಬೇಕು" ಎಂದಳು. ಕೈಯನ್ನು ಕೆನ್ನೆಯ ಕೆಳಗಿಟ್ಟು ಗೋಡೆಯ ಕಡೆ ಹೊರಳಿದಳು. ಅವಳು ಹಾಗೆ ಮಲಗುತ್ತಾಳೆಂಬುದನ್ನೇ ನಾನು ಮರೆತಿದ್ದೆ. ಬೇರೆಯವರ ನಿದ್ದೆಯಲ್ಲಿ ಅವಳು ಅವರವರ ಹಾಗೆ ಮಲಗುತ್ತಿದ್ದಳು.

ನಾಲ್ಕೂವರೆಗೆ ಸುಮೇಧಾ ಶಾಲೆಯಿಂದ ಓಡೋಡಿ ಬಂದಳು. ಅವ್ವ ಮನೆಗೆ ಬಂದ ಸುದ್ದಿ ದಾರಿಯಲ್ಲೇ ಯಾರೋ ಹೇಳಿದ್ದರಂತೆ. ಜಗುಲಿಯ ಮೆಟ್ಟಿಲು ಹತ್ತಿದವಳು ಮಲಗಿದ ಅವ್ವನನ್ನು ಕಂಡು ನಿಂತುಬಿಟ್ಟಳು. ಮುಖ ಬಾಡಿತು. ಚೀಲ ಇಳಿಸಿ, ಸದ್ದಾಗದಂತೆ ಕೂತು, ಎಂದಿನ ಹಾಗೆ ಪುಸ್ತಕ ತೆಗೆದಳು.

"ಇದು ಯಾರ ನಿದ್ದೆ ಚಿಕ್ಕಮ್ಮ?" ಎಂದು ಪಿಸುಗುಟ್ಟಿದಳು.

"ನಿಮ್ಮವ್ವಂದೇ."

ಅವಳು ಪುಸ್ತಕದಿಂದ ತಲೆ ಎತ್ತಿ ಅವ್ವನ ಮುಖವನ್ನೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದ್ರೆ ಎಷ್ಟೊತ್ತಿಗೆ ಏಳ್ತಾಳೆ?" ಎಂದಳು.

ಅದಕ್ಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ. "ಅವ್ಳಿಗೆ ಸಾಕಾದಾಗ" ಎಂದೆ.